ಥೆರಪಿ ಕೋಣೆಯ ಹೊರಗೆ ಕೂತವರು



ಈ ದತ್ತಿ ಇಟ್ಟವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ತಮ್ಮ ಹೆಸರು ಎಲ್ಲೂ ಹೇಳಬಾರದು, ವೇದಿಕೆಗೆ ಕರೆದು ಹಾರ ಹಾಕಬಾರದು ಎಂಬ ಷರತ್ತಿನ ಮೇಲೆ ಹಣ ಕೊಟ್ಟಿದ್ದಾರಂತೆ. ಅವರು ಸಭೆಯಲ್ಲೇ ಎಲ್ಲೋ ಕೂತಿದ್ದರೆ ಇಲ್ಲಿಂದಲೇ ನಮಸ್ಕಾರ. ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ನವೋದಯ ಕಾವ್ಯ ಎಂದು ಕೇಳಿ ಬೆಳೆದವಳು ನಾನು. ಮಾತಿನ ಥೆರಪಿ ಮಾಡುವವಳನ್ನು ಕರೆದು, ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರ ಬಗ್ಗೆ ಒಂದು ಗಂಟೆ ಮಾತಾಡಿ ಎಂದದ್ದು ಅಪರೂಪವೇ. ಆದರೂ ಮಾತು ತಡವಾದ ಮಗುವಿನ ವಿಷಯ ಕನ್ನಡದ ಕೆಲಸ ಮಾಡುವವರ ಅಂಗಳಕ್ಕೇ ಬರಬೇಕಾದದ್ದು. ಯಾಕೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ಒಂದಾದರೂ ಥೆರಪಿ ಸೆಂಟರ್ ಕಾಣುತ್ತದೆ. ಒಳಗಿನ ವ್ಯವಸ್ಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬಣ್ಣದ ಮ್ಯಾಟು, ಉಯ್ಯಾಲೆ, ದೊಡ್ಡ ರಬ್ಬರ್ ಚೆಂಡು, ಗೋಡೆಗೆ ಅಂಟಿಸಿದ ಚಿತ್ರಗಳು. ಮಗು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಅಮ್ಮನೋ ಅಜ್ಜಿಯೋ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾರೆ. ಮುಕ್ಕಾಲು ಗಂಟೆಯ ನಂತರ ಥೆರಪಿಸ್ಟ್ ಹೊರಗೆ ಬಂದು “ಇವತ್ತು ಪರವಾಗಿಲ್ಲ, ಚೆನ್ನಾಗಿ ಕೂತ” ಎನ್ನುತ್ತಾರೆ. ಅಷ್ಟರಲ್ಲಿ ಮುಂದಿನ ಮಗು ಬಂದಿರುತ್ತದೆ. ವಾರಕ್ಕೆ ಎರಡು ಸಲ ಹೀಗೆ ನಡೆದರೆ ಒಟ್ಟು ಒಂದೂವರೆ ಗಂಟೆ. ವಾರದಲ್ಲಿ 168 ಗಂಟೆಗಳಿವೆ. ಉಳಿದಷ್ಟೂ ಹೊತ್ತು ಮಗು ಇರುವುದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತವರ ಜೊತೆ. ಅವರನ್ನು ಹೊರಗೆ ಕೂರಿಸಿ ಮಾಡುವ ಥೆರಪಿಯಲ್ಲಿ ನನಗೆ ನಂಬಿಕೆ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಹೊರಗೆ ಕೂತವರನ್ನು ನಮ್ಮ ವಿಜ್ಞಾನ ಒಂದು ಕಾಲದಲ್ಲಿ ಹೇಗೆ ನಡೆಸಿಕೊಂಡಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಒಂದು ದೀರ್ಘ ಪ್ರಬಂಧ ಬರೆದರು. ಇಂದು ನಾವು ಆಟಿಸಂ ಎನ್ನುವ ಸ್ಥಿತಿ ವೈದ್ಯಲೋಕದಲ್ಲಿ ವ್ಯಾಪಕವಾಗಿ ಗುರುತಿಸಿಕೊಂಡದ್ದು ಆ ಬರಹದಿಂದ. ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಸುಮಾರು ಎರಡು ದಶಕ ಮೊದಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಆಕೆಯ ಹೆಸರು ಪಠ್ಯಪುಸ್ತಕಗಳಿಗೆ ಬರಲು ತುಂಬ ಕಾಲ ಹಿಡಿಯಿತು. ಕ್ಯಾನರ್ ಮಕ್ಕಳನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದರು. ಜೊತೆಗೆ ತಂದೆತಾಯಿಯರಲ್ಲಿ ಬೆಚ್ಚನೆಯ ಪ್ರೀತಿ ಕಡಿಮೆ ಎಂಬ ಒಂದು ಮಾತನ್ನೂ ಸೇರಿಸಿದರು. ಆ ಮಾತೇ ಬೆಳೆದು ‘ರೆಫ್ರಿಜರೇಟರ್ ಮದರ್’ ಎಂಬ ಬೈಗುಳವಾಯಿತು. ಷಿಕಾಗೋದ ಬ್ರೂನೋ ಬೆಟ್ಟಲ್‌ಹೈಮ್ 1967ರಲ್ಲಿ ಅದಕ್ಕೊಂದು ಇಡೀ ಪುಸ್ತಕದ ಬಲ ಕೊಟ್ಟರು. ತಾಯಿಯ ಹೃದಯ ತಣ್ಣಗಿತ್ತು, ಅದಕ್ಕೇ ಮಗು ಒಳಸರಿಯಿತು ಎಂಬ ವಾದ. ಒಂದು ಇಡೀ ತಲೆಮಾರಿನ ತಾಯಂದಿರು ಮಗನನ್ನೂ ಸಾಕಿದರು, ಈ ಆರೋಪವನ್ನೂ ಹೊತ್ತರು. ಈ ವಾದ ಸುಳ್ಳೆಂದು ಮೊದಲು ಪುಸ್ತಕ ಬರೆದವರು ಬರ್ನಾರ್ಡ್ ರಿಮ್‌ಲ್ಯಾಂಡ್. ಬೆಟ್ಟಲ್‌ಹೈಮ್ ಪುಸ್ತಕಕ್ಕಿಂತ ಮೂರು ವರ್ಷ ಮೊದಲೇ, 1964ರಲ್ಲಿ. ಅವರು ಮನಶ್ಶಾಸ್ತ್ರಜ್ಞರು, ಆಟಿಸಂ ಇದ್ದ ಹುಡುಗನ ತಂದೆಯೂ ಹೌದು. 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ಸ್ವತಃ ಕ್ಯಾನರ್ ಅವರೇ ತಂದೆತಾಯಿಯರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಬ್ರಿಟನ್ನಿನ ಅವಳಿ ಮಕ್ಕಳ ಅಧ್ಯಯನವೊಂದು ಆಟಿಸಂನಲ್ಲಿ ವಂಶವಾಹಿಯ ಪಾತ್ರ ದೊಡ್ಡದೆಂದು ತೋರಿಸಿತು.

ಅಲ್ಲಿ ಮುಗಿದ ಕಥೆ ಇಲ್ಲಿ ಮುಗಿದಿಲ್ಲ. ನನ್ನೆದುರು ಬಂದು ಕೂರುವ ಹೆಚ್ಚಿನ ತಾಯಂದಿರು ಮಗುವಿನ ಬಗ್ಗೆ ಹೇಳುವ ಮೊದಲು ತಮ್ಮ ಮೇಲಿನ ಆರೋಪಪಟ್ಟಿ ಓದುತ್ತಾರೆ. “ಬಸುರಿಯಲ್ಲಿ ಗ್ರಹಣ ನೋಡಿದೆ ಅಂತಾರೆ.” “ಕೆಲಸಕ್ಕೆ ಹೋಗ್ತಿದ್ದೆ, ಅದಕ್ಕೇ ಹೀಗಾಯ್ತಂತೆ.” “ಊಟ ಮಾಡಿಸೋಕೆ ಫೋನ್ ಕೊಟ್ಟಿದ್ದು ನಾನೇ.” ಮಗುವಿನ ನಾಲಿಗೆಗೆ ಬಜೆ ತೇದು ಹಾಕಲಿಲ್ಲ ಎಂದು ಅತ್ತೆಯಿಂದ ಬೈಸಿಕೊಂಡವರಿದ್ದಾರೆ. ಲಸಿಕೆ ಹಾಕಿಸಿದ್ದೇ ತಪ್ಪಾಯಿತೆಂದು ಅಳುವವರೂ ಇದ್ದಾರೆ. ಆ್ಯಂಡ್ರೂ ವೇಕ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದ, ಲಸಿಕೆಗೂ ಆಟಿಸಂಗೂ ನಂಟು ಹಾಕಿದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು, ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ತೆಗೆದುಹಾಕಿದರು. ವಾಟ್ಸಾಪ್‌ಗೆ ಮಾತ್ರ ಈ ಸುದ್ದಿ ಇನ್ನೂ ತಲುಪಿಲ್ಲ. ಮೊದಲ ಭೇಟಿಯಲ್ಲಿ ನಾನು ಮಗುವಿನ ಜೊತೆ ನೆಲದ ಮೇಲೆ ಕೂರುತ್ತೇನೆ, ಏನೂ ಪರೀಕ್ಷೆ ಮಾಡುವುದಿಲ್ಲ. ಆಡುತ್ತಲೇ ತಾಯಿಗೆ ಒಂದು ಮಾತು ಹೇಳುತ್ತೇನೆ: ಇದು ನಿಮ್ಮಿಂದ ಆದದ್ದಲ್ಲ. ಈ ಮಾತನ್ನು ಗಂಡನ ಎದುರೂ ಅತ್ತೆಯ ಎದುರೂ ಹೇಳಬೇಕು. ತಾಯಿಗೊಬ್ಬಳಿಗೇ ಗುಟ್ಟಾಗಿ ಹೇಳಿದರೆ ಮನೆಯಲ್ಲಿ ಅದು ನಡೆಯುವುದಿಲ್ಲ.

ಕ್ಯಾನರ್ ಬರೆದ ಆ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ವೈದ್ಯರ ಮಾತು ಕೇಳಿ ತಂದೆತಾಯಿ ಅವನನ್ನು ಮೂರು ವರ್ಷದವನಿದ್ದಾಗ ಒಂದು ಆಶ್ರಮದಂಥ ಸಂಸ್ಥೆಯಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷದ ನಂತರ ಮನಸ್ಸು ತಡೆಯದೆ ಮನೆಗೆ ಕರೆತಂದರು. ಮುಂದೆ ಕೆಲವು ವರ್ಷ ಅವನು ಊರಾಚೆಯ ಒಂದು ರೈತ ದಂಪತಿಯ ಜೊತೆ ಇದ್ದ. ಅವನಿಗೆ ಅಳೆಯುವ, ಎಣಿಸುವ ಹುಚ್ಚು. ಕ್ಯಾನರ್ ಆ ಹೊಲಕ್ಕೇ ಹೋಗಿ ನೋಡಿ ಬಂದರು. ಅಳತೆಯ ಹುಚ್ಚಿದ್ದ ಹುಡುಗನ ಕೈಲಿ ಆ ರೈತ ಬಾವಿ ತೋಡಿಸುತ್ತಿದ್ದ, ಆಳ ಎಷ್ಟಾಯಿತೆಂದು ಅವನೇ ಹೇಳಬೇಕು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದವನಿಗೆ ನೇಗಿಲು ಕೊಟ್ಟು, ಉಳುತ್ತಾ ಎಣಿಸು ಎಂದ. ಎಣಿಕೆಯನ್ನು ಬಿಡಿಸಲು ಯಾರೂ ಹೋಗಲಿಲ್ಲ, ಎಣಿಕೆಗೆ ಒಂದು ಹೊಲ ಕೊಟ್ಟರು. ಡೊನಾಲ್ಡ್ ಕಾಲೇಜು ಓದಿದರು, ತಮ್ಮ ಊರಿನ ಬ್ಯಾಂಕಿನಲ್ಲೇ ದಶಕಗಟ್ಟಲೆ ಕೆಲಸ ಮಾಡಿದರು, ಗಾಲ್ಫ್ ಆಡಿದರು, ಒಬ್ಬರೇ ದೇಶದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಬ್ಯಾಂಕು ತಾಯಿಯ ಮನೆತನದ್ದು ಎಂಬುದನ್ನು ಮರೆಯಬಾರದು. ಹಣ ಇದ್ದ ಕಡೆ ದಾರಿ ಸಲೀಸು. ಆದರೂ ಆ ರೈತ ದಂಪತಿಗೆ ಥೆರಪಿಯ ಗಂಧವೂ ಇರಲಿಲ್ಲ. ನಾನು ಓದಿದ ಎಷ್ಟೋ ಕೈಪಿಡಿಗಳಿಗಿಂತ ಆ ಹೊಲದ ಎರಡು ಸಾಲಿನ ವರ್ಣನೆ ನನ್ನ ಕೆಲಸಕ್ಕೆ ಹೆಚ್ಚು ಒದಗಿದೆ.

ಬಿಎಂಟಿಸಿ ಬಸ್ಸಿನ ನಂಬರುಗಳನ್ನು ಬಿಟ್ಟರೆ ಬೇರೆ ಮಾತೇ ಆಡದ ಹುಡುಗನೊಬ್ಬ ಬಂದಿದ್ದ. (ನಾನು ಹೇಳುವ ಇಂಥ ಪ್ರಸಂಗಗಳಲ್ಲಿ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮನೆಯವರ ಬೇಡಿಕೆ, ಈ ಬಸ್ಸಿನ ಹುಚ್ಚು ಬಿಡಿಸಿ ಎಂದು. ನಾವು ಬಿಡಿಸಲಿಲ್ಲ. ಸಂತೆಯಿಂದ ಅಜ್ಜಿ ತಂದ ತರಕಾರಿ ಯಾವ ಬಸ್ಸಿನಲ್ಲಿ ಬಂತು, ಟಿಕೆಟ್ ಎಷ್ಟಾಯಿತು, ಚಿಲ್ಲರೆ ಎಷ್ಟು ಉಳಿಯಿತು, ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದರು ಎಂದು ಕೇಳುತ್ತಾ ಹೋದೆವು. ಬಸ್ಸಿನಲ್ಲಿ ಕೂತೇ ಅವನ ಮಾತು ಬೇರೆ ಬೇರೆ ಸ್ಟಾಪುಗಳಿಗೆ ಇಳಿಯಿತು. ಇದರಲ್ಲಿ ಮುಕ್ಕಾಲು ಪಾಲು ಕೆಲಸ ಮಾಡಿದ್ದು ಅಜ್ಜಿ.

ಮನೆಯವರ ಮೂಲಕವೇ ಥೆರಪಿ ನಡೆಯಬೇಕೆಂಬುದು ಬರೀ ಅನುಭವದ ಮಾತಲ್ಲ. ಮ್ಯಾಂಚೆಸ್ಟರಿನ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ತಂದೆತಾಯಿಯರ ಮೂಲಕವೇ ಮಾಡುವ ಒಂದು ವಿಧಾನ ರೂಪಿಸಿ, 152 ಮಕ್ಕಳ ಮೇಲಿನ ಪ್ರಯೋಗದ ಫಲವನ್ನು 2010ರಲ್ಲಿ ಪ್ರಕಟಿಸಿದರು. ಅದನ್ನೇ ನಮ್ಮ ಕಡೆಗೆ ಹೊಂದಿಸಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳ ಜೊತೆ ಪರೀಕ್ಷಿಸಿದರು. ಗೋವಾದಲ್ಲಿ ಕೆಲಸ ನಡೆಸಿದ್ದು ‘ಸಂಗಾತ್’ ಸಂಸ್ಥೆ. ಥೆರಪಿ ಮಾಡಿದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ನಡೆಯುವುದು ಇಷ್ಟೇ: ತಾಯಿ, ಮಗು ಆಡುವುದನ್ನು ಕೆಲವು ನಿಮಿಷ ವಿಡಿಯೊ ಮಾಡುತ್ತಾರೆ. ಆಮೇಲೆ ತಾಯಿಯ ಜೊತೆ ಕೂತು ಅದನ್ನು ನೋಡುತ್ತಾರೆ. ಒಂದು ಕಡೆ ನಿಲ್ಲಿಸಿ, “ಇಲ್ಲಿ ಅವನು ಏನು ಮಾಡ್ತಿದಾನೆ?” ಎಂದು ಕೇಳುತ್ತಾರೆ.

ನಾನೂ ಈ ರೀತಿ ಮಾಡುತ್ತೇನೆ. ಆ ಪ್ರಶ್ನೆಯಾದ ಮೇಲೆ ಬರುವ ಮೌನ ನನಗೆ ಇಷ್ಟ. ತಾಯಿ ಪರದೆ ನೋಡುತ್ತಾಳೆ. ತಾನು ಒಂದೇ ಉಸಿರಿಗೆ “ಇದೇನು? ಬಣ್ಣ ಯಾವುದು? ಹೇಳು, ಹೇಳು” ಎನ್ನುತ್ತಿರುವುದು ಅವಳಿಗೇ ಕೇಳಿಸುತ್ತದೆ. ಮಗು ಅದೇ ಹೊತ್ತಿಗೆ ಚೊಂಬಿನ ಮುಚ್ಚಳ ತಿರುಗಿಸಿ, ಅರೆಕ್ಷಣ ಅವಳತ್ತ ನೋಡಿ, ಮತ್ತೆ ಮುಚ್ಚಳಕ್ಕೆ ಹಿಂದಿರುಗಿದ್ದು ಕಾಣುತ್ತದೆ. “ಅಯ್ಯೋ, ನೋಡಿದಾನಲ್ಲ!” ಎನ್ನುತ್ತಾಳೆ. ಅಲ್ಲಿಂದ ಕೆಲಸ ಶುರು. ಮುಂದಿನ ವಾರ ಅವಳು ಪ್ರಶ್ನೆ ಕಡಿಮೆ ಮಾಡುತ್ತಾಳೆ. ಮುಚ್ಚಳ ತಿರುಗಿದಾಗ “ಗರಗರ ತಿರುಗ್ತು” ಎಂದು ಅಷ್ಟೇ ಹೇಳಿ ಕಾಯುತ್ತಾಳೆ. ಕಾಯುವುದೇ ಎಲ್ಲಕ್ಕಿಂತ ಕಷ್ಟದ ಪಾಠ. ಗೋವಾ-ರಾವಲ್ಪಿಂಡಿಯ ಪ್ರಯೋಗದಲ್ಲಿ ತಂದೆತಾಯಿಯರು ಮಗುವಿನ ಲಯಕ್ಕೆ ಮಾತು ಹೊಂದಿಸುವುದು ಹೆಚ್ಚಾಯಿತು, ಮಕ್ಕಳು ತಾವಾಗಿ ಮಾತಿಗೋ ಸನ್ನೆಗೋ ಮೊದಲಾಗುವುದು ಹೆಚ್ಚಾಯಿತು. ಎಲ್ಲ ಅಳತೆಗಳೂ ಮೇಲೇರಲಿಲ್ಲ, ಇಬ್ಬರೂ ಒಂದೇ ವಸ್ತುವಿನಲ್ಲಿ ಗಮನ ಹಂಚಿಕೊಳ್ಳುವ ಹೊತ್ತು ತುಸು ಇಳಿದಿತ್ತು. ಪವಾಡ ಆಗುತ್ತದೆ ಎನ್ನುವವರ ಹತ್ತಿರ ಇಂಥ ಲೆಕ್ಕ ಸಿಗುವುದಿಲ್ಲ.

ಪವಾಡದ ಅಂಗಡಿಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಅದನ್ನು ಆಟಿಸಂಗೆ ಶಿಫಾರಸು ಮಾಡಲಾಗದು ಎಂದಿದೆ. ಒಡವೆ ಅಡವಿಡಬೇಡಿ.

ಈಗ ಭಾಷೆಗೆ ಬರುತ್ತೇನೆ. ಹೊರಗೆ ಕೂತವರನ್ನು ಇನ್ನೂ ದೂರ ತಳ್ಳುವ ಒಂದು ಸಲಹೆ ನಮ್ಮ ನಗರಗಳಲ್ಲಿ ಸಲೀಸಾಗಿ ಓಡಾಡುತ್ತಿದೆ: “ಮಗುವಿಗೆ ಗೊಂದಲ ಆಗುತ್ತೆ, ಮನೇಲಿ ಇಂಗ್ಲಿಷ್ ಒಂದೇ ಮಾತಾಡಿ.” ಶಾಲೆಗಳು ಹೇಳುತ್ತವೆ, ವೈದ್ಯರು ಹೇಳುತ್ತಾರೆ, ನನ್ನದೇ ವೃತ್ತಿಯವರು ಹೇಳುತ್ತಾರೆ. ಪರಿಣಾಮ ಊಹಿಸಿಕೊಳ್ಳಿ. ಅಜ್ಜಿಗೆ ಇಂಗ್ಲಿಷ್ ಬಾರದು, ಅಲ್ಲಿಗೆ ಅಜ್ಜಿಯ ಮಾತು ನಿಂತಿತು. ಅಮ್ಮನಿಗೆ ಬರುವುದು ಆಫೀಸಿನ ಇಂಗ್ಲಿಷು. ಅದರಲ್ಲಿ ಮಗುವನ್ನು ಮುದ್ದು ಮಾಡಲು, ರೇಗಿಸಲು, ಸ್ನಾನ ಮಾಡಿಸುತ್ತಾ ತಮಾಷೆ ಮಾಡಲು ಪದಗಳಿಲ್ಲ. ಆಕೆ “ಸಿಟ್, ಈಟ್, ಕಮ್, ನೋ” ಎನ್ನತೊಡಗುತ್ತಾಳೆ. ಮೊದಲೇ ಮಾತು ಕಡಿಮೆ ಇದ್ದ ಮಗುವಿನ ಸುತ್ತ ಇದ್ದಬದ್ದ ಮಾತೂ ಬತ್ತಿತು. ಅಡುಗೆಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಾರೆ, ಮಗುವಿನ ಕಡೆ ತಿರುಗಿದಾಗ ಮಾತ್ರ ಇಂಗ್ಲಿಷ್. ಮನೆಯ ಮಾತುಕತೆಯಿಂದಲೇ ಅದನ್ನು ಹೊರಗಿಟ್ಟಂತಾಯಿತು.

ಈ ಸಲಹೆಗೆ ಆಧಾರವಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನ ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳನ್ನೂ ಒಂದೇ ಭಾಷೆಯಲ್ಲಿ ಬೆಳೆದವರನ್ನೂ ಹೋಲಿಸಿತು. ಎರಡು ಭಾಷೆ ಕೇಳಿದ್ದರಿಂದ ಹೆಚ್ಚು ಹಿಂದೆ ಬಿದ್ದ ಕುರುಹು ಕಾಣಲಿಲ್ಲ. ನಂತರ ಬಂದ ಅಧ್ಯಯನಗಳೂ ಬಹುಮಟ್ಟಿಗೆ ಅದನ್ನೇ ಹೇಳಿವೆ. ಧಾರವಾಡದಲ್ಲಿ ಮರಾಠಿ-ಕನ್ನಡ, ಮಂಗಳೂರಿನಲ್ಲಿ ತುಳು-ಕೊಂಕಣಿ-ಬ್ಯಾರಿ-ಕನ್ನಡ, ಕೋಲಾರದಲ್ಲಿ ತೆಲುಗು-ಕನ್ನಡ ಕೇಳುತ್ತಲೇ ಮಕ್ಕಳು ಬೆಳೆದಿರುವ ನಾಡು ಇದು. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಂದಲೂ ನನಗೆ ಇದೇ ಪ್ರಶ್ನೆ ಬರುತ್ತದೆ. ಅವರಿಗೂ ಹೇಳುವುದು ಇದನ್ನೇ: ಶಾಲೆ ಇಂಗ್ಲಿಷ್ ನೋಡಿಕೊಳ್ಳುತ್ತದೆ, ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಧಾರಾಳವಾಗಿ ಮಾತಾಡಿ.

ಇನ್ನೊಂದು ತೊಡಕು ಮಗುವಿನ ಭಾಷೆ, ಓದು ಅಳೆಯುವ ನಮ್ಮ ಉಪಕರಣಗಳದ್ದು; ಇಂಗ್ಲಿಷಿನ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ಕನ್ನಡ ಮಗುವಿನ ಭಾಷೆಯನ್ನು ಕನ್ನಡದಲ್ಲೇ ಅಳೆಯಬೇಕೆಂದು ದುಡಿದವರು ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದಶಕಗಳಿಂದ ಆ ಕೆಲಸ ನಡೆದಿದೆ. ಕನ್ನಡಕ್ಕೆ ಭಾಷಾ ಪರೀಕ್ಷೆಯನ್ನು ರೂಪಿಸಿದ ಪ್ರತಿಭಾ ಕಾರಂತರು 2000ದಲ್ಲಿ ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಎಂಬ ಕಾರ್ಯಕ್ರಮ ಆರಂಭಿಸಿ, ಮಾತು, ಚಲನೆ, ಆಟ ಎಲ್ಲವನ್ನೂ ಒಂದೇ ಸೂರಿನಡಿ ತಂದರು. ಓದಿನ ವಿಷಯದಲ್ಲಿ ಸೊನಾಲಿ ನಾಗ್ ಕನ್ನಡ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನ ಮೇಷ್ಟರುಗಳೆಲ್ಲ ಓದಬೇಕಾದದ್ದು. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ ಅಕ್ಷರಗಳು ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಎಲ್ಲ ಮಕ್ಕಳಿಗೂ ನಾಲ್ಕನೇ ತರಗತಿಯವರೆಗೆ ಕಲಿಕೆ ನಡೆಯುತ್ತಲೇ ಇರುತ್ತದೆ. ಹಾಗಿರುವಾಗ ಎರಡನೇ ತರಗತಿಯ ಹುಡುಗ ಒತ್ತಕ್ಷರ ಬಿಟ್ಟ ಎಂದು ಡಿಸ್ಲೆಕ್ಸಿಯಾ ಅನ್ನುವುದೂ ತಪ್ಪು. ಐದನೇ ತರಗತಿಯಲ್ಲೂ ಅಕ್ಷರ ಅಕ್ಷರ ಹೆಕ್ಕುತ್ತಾ ಬೆವರುವವನನ್ನು ಸೋಮಾರಿ ಎಂದು ಬೆಂಚಿನ ಮೇಲೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಎರಡೂ ನಡೆಯುತ್ತಿವೆ.

ಕಳೆದ ಮೂರು ದಶಕಗಳಲ್ಲಿ ನಮ್ಮನ್ನು ತಿದ್ದಿದವರು ಸ್ವತಃ ಆಟಿಸಂ ಇರುವವರು. 1993ರಲ್ಲಿ ಜಿಮ್ ಸಿಂಕ್ಲೇರ್ ಪೋಷಕರಿಗೆ ನೇರವಾಗಿ, ನಮಗಾಗಿ ಶೋಕಿಸಬೇಡಿ ಎಂದರು. ತೊಂಬತ್ತರ ದಶಕದ ಕೊನೆಗೆ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಬರಹದಲ್ಲಿ, ಮಿದುಳುಗಳು ಒಂದೊಂದು ಬಗೆ ಇರುವುದು ಸಹಜ ಎನ್ನುವ ನರವೈವಿಧ್ಯದ ಪರಿಕಲ್ಪನೆ ಕಾಣಿಸಿಕೊಂಡಿತು. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಇನ್ನೊಂದು ಮಾತು ಎತ್ತಿದರು: ಆಟಿಸಂ ಇರುವವರಿಗೆ ಇತರರ ಮನಸ್ಸು ತಿಳಿಯುವುದಿಲ್ಲ ಎನ್ನುತ್ತೀರಿ, ನಿಮಗೆ ಅವರ ಮನಸ್ಸು ತಿಳಿಯುತ್ತದೆಯೇ? ಅರ್ಥವಾಗದಿರುವುದು ಎರಡೂ ಕಡೆಯದು ಎಂಬುದು ಅವರ ವಾದ. ನಮ್ಮ ಕಡೆ ಈಗಲೂ ಥೆರಪಿ ಎಂದರೆ “ಐ ಕಾಂಟ್ಯಾಕ್ಟ್” ಬರಿಸುವುದು ಎಂದುಕೊಂಡವರಿದ್ದಾರೆ. ಗಲ್ಲ ಹಿಡಿದು ಮುಖ ತಿರುಗಿಸುತ್ತಾರೆ. ಕಣ್ಣು ನೋಡಿದರೆ ಮಾತು ಕೇಳಲಾಗದು, ಮಾತು ಕೇಳಬೇಕೆಂದರೆ ಕಣ್ಣು ಬೇರೆಡೆ ಇರಬೇಕು ಎಂದು ದೊಡ್ಡವರಾದ ಮೇಲೆ ವಿವರಿಸಿದವರು ಅನೇಕರು. ಮದುವೆಮನೆಯ ಗಟ್ಟಿಮೇಳಕ್ಕೆ ಕಿವಿ ಮುಚ್ಚಿಕೊಂಡು ಕಿರುಚುವ ಮಗು ಹಠ ಮಾಡುತ್ತಿಲ್ಲ, ಅದಕ್ಕೆ ನೋವಾಗುತ್ತಿದೆ.

ಆದರೆ ವೈವಿಧ್ಯದ ಸಂಭ್ರಮ ನಗರದ ಸಭೆಗಳಲ್ಲಿ ತುಸು ಅತಿಯಾಗುತ್ತಿದೆ ಎಂದೂ ನನಗನಿಸುತ್ತದೆ. ಮಾತಿಲ್ಲದ, ರಾತ್ರಿ ನಿದ್ದೆಯಿಲ್ಲದೆ ಗೋಡೆಗೆ ತಲೆ ಬಡಿದುಕೊಳ್ಳುವ, ಹದಿನಾರು ತುಂಬಿದರೂ ಶೌಚಕ್ಕೆ ನೆರವು ಬೇಕಾದ ಮಗನ ತಾಯಿಗೆ ಆ ಸಂಭ್ರಮದ ಪೋಸ್ಟರುಗಳು ಉಪಯೋಗಕ್ಕೆ ಬರುವುದಿಲ್ಲ. ಆಕೆಗೆ ಒಂದು ರಾತ್ರಿಯ ನಿದ್ದೆ ಬೇಕು. ಮಗನನ್ನು ಎರಡು ದಿನ ನೋಡಿಕೊಳ್ಳುವ ಜಾಗ ಬೇಕು. ಮಗನಿಗೆ ಹಲ್ಲುನೋವೋ ಹೊಟ್ಟೆನೋವೋ ಎಂದು ತಾಳ್ಮೆಯಿಂದ ನೋಡುವ ವೈದ್ಯ ಬೇಕು. ಎಷ್ಟೋ ಸಲ “ವರ್ತನೆಯ ಸಮಸ್ಯೆ” ಎಂದು ಬಂದದ್ದು ಹುಳುಕುಹಲ್ಲು ಆಗಿರುತ್ತದೆ. ಮಾತಿಲ್ಲದವರಿಗೆ ಚಿತ್ರ ತೋರಿಸಿ ಹೇಳುವ ದಾರಿ ಕೊಡುವುದು ಥೆರಪಿಸ್ಟನ ಮೊದಲ ಕರ್ತವ್ಯ. ಚಿತ್ರ ಕೊಟ್ಟರೆ ಮಾತು ಬರುವುದು ನಿಂತುಹೋಗುತ್ತದೆ ಎಂದು ಹೆದರಬೇಡಿ, ಹಾಗಾಗುವುದಿಲ್ಲ.

ನನ್ನನ್ನು ಎಲ್ಲ ತಂದೆತಾಯಿಯರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದಿದೆ. ಮಗು ಚಿಕ್ಕದಿದ್ದಾಗ “ನಾರ್ಮಲ್ ಆಗ್ತಾನಾ?” ಎನ್ನುತ್ತಾರೆ. ಮಗು ಹದಿನೈದು ದಾಟುವ ಹೊತ್ತಿಗೆ ಪ್ರಶ್ನೆ “ನಾವು ಹೋದ ಮೇಲೆ?” ಎಂದಾಗಿರುತ್ತದೆ. ಇದಕ್ಕೆ ಥೆರಪಿಯಲ್ಲಿ ಉತ್ತರವಿಲ್ಲ, ಕಾನೂನಿನಲ್ಲಿ ಅಷ್ಟಿಷ್ಟು ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಅದನ್ನು ಸೇರಿಸಿತು. 18 ತುಂಬಿದವರಿಗೆ ಪಾಲಕರನ್ನು ನೇಮಿಸುವ ಸ್ಥಳೀಯ ಸಮಿತಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುತ್ತದೆ. ಅದೇ ಟ್ರಸ್ಟಿನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2016ರ ಹೊಸ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಅದರಲ್ಲಿವೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣಪತ್ರವಿದ್ದರೆ ಅನೇಕ ಸವಲತ್ತುಗಳ ಬಾಗಿಲು ತೆರೆಯುತ್ತದೆ. ಮಗಳ ಮದುವೆಗೆ ಅಡ್ಡ ಬರುತ್ತದೆಂದು ಮಗನ ಪ್ರಮಾಣಪತ್ರ ಮಾಡಿಸದ ಮನೆಗಳಿವೆ. ಆ ಮಗಳೇ ನಾಳೆ ಅವನನ್ನು ನೋಡಿಕೊಳ್ಳಬೇಕಾದವಳು. ಅವಳನ್ನು ಕೂರಿಸಿಕೊಂಡು ಯಾರೂ ಮಾತಾಡಿರುವುದಿಲ್ಲ. ಅಣ್ಣನ ಬಗ್ಗೆ ಗೆಳತಿಯರಿಗೆ ಏನು ಹೇಳಬೇಕೆಂದು ತಿಳಿಯದೆ ಒಬ್ಬರನ್ನೂ ಮನೆಗೆ ಕರೆಯದ ತಂಗಿಯರನ್ನು ನೋಡಿದ್ದೇನೆ. ಅವರಿಗೂ ಥೆರಪಿಸ್ಟನ ಸಮಯದಲ್ಲಿ ಪಾಲಿದೆ.

ಕೊನೆಗೆ ಒಂದು ಕೋರಿಕೆ. ನಾವು ಬಳಸುವ ಚಿತ್ರಕಾರ್ಡುಗಳಲ್ಲಿ ಹೆಚ್ಚಿನವು ಹೊರದೇಶದವು. ಅವುಗಳಲ್ಲಿ ಹಿಮದ ಗೊಂಬೆ, ಟೋಸ್ಟರ್, ಬಾತ್‌ಟಬ್ ಇವೆ. ರಾಗಿಮುದ್ದೆ, ಚೊಂಬು, ಸೌಟು, ಚಾಪೆ, ಕೆಎಸ್ಆರ್‌ಟಿಸಿ ಬಸ್ಸು, ಜೋಳದ ರೊಟ್ಟಿ, ಹೂ ಕಟ್ಟುವ ಅಜ್ಜಿ ಇಲ್ಲ. ರಾಯಚೂರಿನ ಮಗುವಿಗೆ ಬೇರೆ, ಕರಾವಳಿಯ ಮಗುವಿಗೆ ಬೇರೆ ಕಾರ್ಡುಗಳು ಬೇಕು. ಚಿತ್ರದ ಕೆಳಗೆ ಆ ಊರಿನವರು ಆಡುವ ಮಾತೇ ಇರಬೇಕು. ಇದನ್ನು ಮಾಡಲು ದೊಡ್ಡ ಹಣ ಬೇಡ, ಚಿತ್ರ ಬರೆಯುವವರು ಮತ್ತು ತಮ್ಮ ಸೀಮೆಯ ಕನ್ನಡ ಬಲ್ಲವರು ಬೇಕು. ಈ ಸಭೆಯಲ್ಲಿ ಅಂಥವರು ಖಂಡಿತ ಇದ್ದೀರಿ. ಈ ದತ್ತಿಯ ಮುಂದಿನ ವರ್ಷದ ಬಡ್ಡಿಯನ್ನು ಉಪನ್ಯಾಸದ ಬದಲು ಆ ಕಾರ್ಡುಗಳ ಮುದ್ರಣಕ್ಕೆ ಕೊಡಬಹುದೇ ಎಂದು ಅಧ್ಯಕ್ಷರನ್ನು ಎಲ್ಲರೆದುರೇ ಕೇಳುತ್ತಿದ್ದೇನೆ. ಕೈಜೋಡಿಸಲು ಇಷ್ಟವಿರುವವರು ಚಹಾ ಮುಗಿಸಿ ಹೋಗುವ ಮೊದಲು ನನ್ನ ಬಳಿ ನಿಮ್ಮ ಹೆಸರು ಮತ್ತು ಊರು ಬರೆಸಿ ಹೋಗಿ.